ಕಂಪ್ಯೂಟರ್ ಒಪ್ಪಿದರೂ ಮೈ ಒಪ್ಪದಿದ್ದರೆ

ನೀರಿನಿಂದ ಮೇಲೆ ಬಂದ ಡೈವರ್‌ಗೆ ಭುಜ ನೋಯುತ್ತದೆ, ಬೆರಳು ಜುಮ್ಮೆನ್ನುತ್ತದೆ. ಕಣ್ಣು ಹೋಗುವುದು ಮಣಿಕಟ್ಟಿನ ಡೈವ್ ಕಂಪ್ಯೂಟರಿನ ಕಡೆಗೆ. ಅದು ಮಿತಿ ಮೀರಿಲ್ಲ ಎಂದರೆ ತಪ್ಪೆಲ್ಲ ಸಿಲಿಂಡರ್ ಹೊತ್ತದ್ದರ ಮೇಲೆ ಬೀಳುತ್ತದೆ. ಆಳದಲ್ಲಿ ಮೈಯಲ್ಲಿ ಕರಗಿದ ನೈಟ್ರೋಜನ್ ಮೇಲೆ ಬರುವಾಗ ಗುಳ್ಳೆಯಾಗಿ ಕಾಡುವ ಡಿಕಂಪ್ರೆಶನ್ ಸಿಕ್‌ನೆಸ್‌ನಲ್ಲಿ ಇದಕ್ಕಿಂತ ಅಪಾಯಕಾರಿ ತರ್ಕ ಬೇರೊಂದಿಲ್ಲ. ಕಂಪ್ಯೂಟರ್ ಅಳೆಯುವುದು ಆಳವನ್ನು, ಹೊತ್ತನ್ನು. ಮೈಯಲ್ಲಿ ಎಷ್ಟು ನೈಟ್ರೋಜನ್ ಕರಗಿದೆ ಎಂಬುದು ಅದರ ಅಂದಾಜು. ಆ ಅಂದಾಜಿನ ಬೇರು 1908ರಲ್ಲಿ ಜೆ.ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಪ್ರಕಟಿಸಿದ ಮೇಕೆಗಳ ಪ್ರಯೋಗದಲ್ಲಿದೆ. ಒಂದೇ ಒತ್ತಡದಲ್ಲಿ ಒಂದೇ ಹೊತ್ತು ಇದ್ದ ಮೇಕೆಗಳಲ್ಲಿ ಕೆಲವು ಮುಂಗಾಲೆತ್ತಿ ಕುಂಟಿದವು, ಕೆಲವಕ್ಕೆ ಏನೂ ಆಗಲಿಲ್ಲ. ಆ ಪ್ರಯೋಗದಿಂದ ಹುಟ್ಟಿದ ಡೈವಿಂಗ್ ಕೋಷ್ಟಕಗಳು ಉಳಿದುಕೊಂಡವು, ಈ ವ್ಯತ್ಯಾಸ ಮಾತ್ರ ನೆನಪಿನಿಂದ ಜಾರಿತು. ಮನುಷ್ಯರ ಮೈಗಳೂ ಒಂದೇ ಥರ ಅಲ್ಲ: ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲ್ಕೋಣೆಗಳ ನಡುವೆ ಹುಟ್ಟಿನಿಂದ ಮುಚ್ಚದೆ ಉಳಿದ ಸಣ್ಣ ಕಂಡಿ ಇರುತ್ತದೆ. ಶ್ವಾಸಕೋಶ ಸೋಸಬೇಕಾದ ಗುಳ್ಳೆಗಳು ಅದರ ಮೂಲಕ ನೇರ ಅಪಧಮನಿಗೆ ನುಸುಳಬಲ್ಲವು. ಮಣಿಕಟ್ಟಿನ ಯಂತ್ರಕ್ಕೆ ಇದು ತಿಳಿಯುವುದೆಂತು?

ಪ್ರತಿ ನೋವಿಗೂ ಗಾಬರಿಬೀಳಬೇಕೇ ಎಂದು ಕೇಳಬಹುದು. ಗಾಬರಿ ಬೇಡ, ಆಮ್ಲಜನಕ ಬೇಕು. ದೋಣಿಯಲ್ಲೇ ಶುದ್ಧ ಆಮ್ಲಜನಕ ಕೊಟ್ಟು, ಡೈವಿಂಗ್ ಬಲ್ಲ ವೈದ್ಯರಿಗೆ ಫೋನ್ ಮಾಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಅದರಿಂದ ನೋವು ಇಳಿದರೆ ಗುಣವಾಯಿತೆಂದು ನಂಬುವವರಿದ್ದಾರೆ. ಇಳಿದ ಲಕ್ಷಣ ಮರುಕಳಿಸುವುದುಂಟು. ಮತ್ತೆ ನೀರಿಗಿಳಿದರೆ ಗುಳ್ಳೆ ಕುಗ್ಗುತ್ತದಲ್ಲ ಎಂಬ ವಾದ ಕೇಳಲು ಚೆನ್ನ. ಆದರೆ ಸಾಮಾನ್ಯ ಗಾಳಿ ಉಸಿರಾಡುತ್ತಾ ಇಳಿದರೆ ಇನ್ನಷ್ಟು ನೈಟ್ರೋಜನ್ ಒಳಸೇರುತ್ತದೆ, ಪ್ರಜ್ಞೆ ತಪ್ಪಿದರೆ ಮುಳುಗಿಯೇ ಹೋಗಬಹುದು. ಒತ್ತಡವೊಂದೇ ಮದ್ದೂ ಅಲ್ಲ. ಅಮೆರಿಕದ ನೌಕಾಪಡೆಯ ಆರನೇ ಚಿಕಿತ್ಸಾ ಕೋಷ್ಟಕದಲ್ಲಿ ರೋಗಿಯನ್ನು ಒತ್ತಡ ಏರಿಸುವ ಚೇಂಬರಿನೊಳಗೆ 18 ಮೀಟರ್ ಆಳದ ಒತ್ತಡಕ್ಕೆ, ಅಂದರೆ 2.8 ವಾಯುಭಾರಕ್ಕೆ ಒಯ್ಯುತ್ತಾರೆ. ಅಲ್ಲಿ ಗುಳ್ಳೆಯ ಗಾತ್ರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದರೂ ವ್ಯಾಸ ತಗ್ಗುವುದು ಶೇ. 30ರಷ್ಟು ಮಾತ್ರ. ಹೆಚ್ಚುಕಡಿಮೆ ಐದು ಗಂಟೆಯ ಆ ಚಿಕಿತ್ಸೆಯಲ್ಲಿ ಗುಳ್ಳೆಯಿಂದ ನೈಟ್ರೋಜನ್ ಹೊರಗೆಳೆದು, ಬಳಲಿದ ಅಂಗಾಂಶಕ್ಕೆ ಉಸಿರು ಕೊಡುವುದು ಆಮ್ಲಜನಕ.

ಕರಾವಳಿಯ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಅಂದೇ ರಾತ್ರಿ ಘಟ್ಟ ಹತ್ತುವವರಿಗೆ ಈ ಎಚ್ಚರಿಕೆ ಇನ್ನೂ ಹತ್ತಿರದ ಮಾತು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಉಳಿದ ಗುಳ್ಳೆ ಹಿಗ್ಗುತ್ತದೆ, ಬಳಲಿಕೆಯ ದೂರು ಬಸ್ಸಿನ ಸೀಟಿನ ಮೇಲೆ ಹೋಗುತ್ತದೆ. ಎರಡು ದಿನ ಕಳೆಯಿತು, ಇನ್ನೇನು ಪ್ರಯೋಜನ ಎಂದು ಸುಮ್ಮನಿರುವುದೂ ಸರಿಯಲ್ಲ. ಬೇಗ ಹೋದಷ್ಟು ಒಳ್ಳೆಯದು ನಿಜ. ಆದರೆ ತಡವಾಗಿ ಚೇಂಬರ್ ಸೇರಿಯೂ ಚೇತರಿಸಿಕೊಂಡವರಿದ್ದಾರೆ.