ಅರ್ಭುತನ ಹಸಿವು: ಪ್ರಸಂಗಪೀಠದ ಮೃಗಗಳನ್ನು ಕುರಿತು

ಶುಭ ಶುಕ್ರವಾರದ ಧ್ಯಾನಗಳಲ್ಲಿ ಪುಣ್ಯಕೋಟಿಯ ಕಥೆಯನ್ನು ನಾವು ಪದೇ ಪದೇ ಕೇಳಿದ್ದೇವೆ. ನಮ್ಮಲ್ಲಿ ಕೆಲವರು ಅದನ್ನು ಹೇಳಿಯೂ ಇದ್ದೇವೆ. ಕೊಟ್ಟ ಮಾತಿಗಾಗಿ ಸಾವಿನ ಬಾಯಿಗೆ ತಾನಾಗಿ ಮರಳಿದ ಹಸುವಿನಲ್ಲಿ, ಗೆತ್ಸೇಮನೆಯಿಂದ ಗೊಲ್ಗೊಥದತ್ತ ನಡೆದ ಕರ್ತನ ಛಾಯೆಯನ್ನು ಕಾಣುವುದು ಕನ್ನಡದ ಬೋಧಕನಿಗೆ ಸಹಜವೇ. ಸಭೆಯವರು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಹಾಡು ಅದು. ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾದ ಶ್ರಮವಿಲ್ಲ. ಈ ಬಳಕೆಯ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 'ಗೋವಿನ ಹಾಡು' ಹಸುವಿನೊಂದಿಗೆ ಮುಗಿಯುವುದಿಲ್ಲ. ಹುಲಿಯ ಗತಿ ಏನಾಯಿತೆಂಬುದನ್ನೂ ಅದು ಹೇಳುತ್ತದೆ, ಮತ್ತು ನಮ್ಮ ಪ್ರಸಂಗಗಳು ಎಡವುವುದು ಅಲ್ಲಿಯೇ.

ಅರ್ಭುತನೆಂಬ ಹುಲಿ ಹಸಿದಿದೆ. ಸಿಕ್ಕಿದ ಬೇಟೆಯನ್ನು ಮಾತಿನ ಮೇಲೆ ಬಿಟ್ಟುಕೊಟ್ಟು ಕಾಯುತ್ತದೆ. ಹಸು ಮರಳಿ ಬಂದಾಗ ಅದನ್ನು ಒಡಹುಟ್ಟಿದವಳೆಂದು ಬಗೆದು, ತಿನ್ನಲಾರದೆ, ತನ್ನ ಪ್ರಾಣವನ್ನು ತಾನೇ ತೊರೆಯುತ್ತದೆ. ಜನಪದ ಕವಿಯ ಲೋಕದಲ್ಲಿ ಇದಕ್ಕೆ ತನ್ನದೇ ಆದ ನ್ಯಾಯವಿದೆ: ಸತ್ಯದ ಭಾರವನ್ನು ಹುಲಿಯೂ ತಾಳಲಾರದು. ನಮ್ಮ ಆಕ್ಷೇಪ ಕವಿಯ ಮೇಲಲ್ಲ, ಇದನ್ನು 'ಪಾಪಿಯ ಮನಮುರಿಯುವಿಕೆ' ಎಂದು ಬಣ್ಣಿಸುವ ಬೋಧಕರ ಮೇಲೆ. ಹಾಗೆ ಬಣ್ಣಿಸುವಾಗ ಎರಡು ಕೆಲಸಗಳು ಒಮ್ಮೆಗೇ ನಡೆದುಹೋಗುತ್ತವೆ. ಮೊದಲು ಮೃಗದ ಹಸಿವು ಮನುಷ್ಯನ ಕ್ರೌರ್ಯವಾಗುತ್ತದೆ. ಆಮೇಲೆ ಆ ಕ್ರೌರ್ಯಕ್ಕೆ ಪ್ರಾಯಶ್ಚಿತ್ತ ಸಾವೆಂದಾಗುತ್ತದೆ. ಸುವಾರ್ತೆಯಲ್ಲಿ ಇಂಥ ಅಂತ್ಯವನ್ನು ಕಂಡವನು ಯೂದನು. ಕೋಳಿ ಕೂಗಿದಾಗ ಹೊರಗೆ ಹೋಗಿ ಅತ್ತ ಪೇತ್ರನು ಬದುಕಿ ಉಳಿದು, ಕುರಿಗಳನ್ನು ಮೇಯಿಸುವ ಅಪ್ಪಣೆ ಪಡೆದನು. ಪುಣ್ಯಕೋಟಿಯನ್ನು ಕ್ರಿಸ್ತನ ಸ್ಥಾನದಲ್ಲಿಟ್ಟ ಮೇಲೆ, ಆ ಕ್ರಿಸ್ತನನ್ನು ಎದುರುಗೊಂಡವನಿಗೆ ಬದುಕುವ ದಾರಿಯೇ ಇಲ್ಲವೆಂದು ಸಾರಿದರೆ ಅದು ಎಂಥ ಶುಭವರ್ತಮಾನ?

ಹುಲಿಯ ಹಸಿವಿನ ವಿಷಯದಲ್ಲಿ ಸತ್ಯವೇದದ ನಿಲುವೇ ಬೇರೆ. 104ನೆಯ ಕೀರ್ತನೆಯಲ್ಲಿ ಬೇಟೆಗಾಗಿ ಗರ್ಜಿಸುವ ಪ್ರಾಯದ ಸಿಂಹಗಳು ದೇವರಿಂದ ಆಹಾರವನ್ನು ಕೇಳುತ್ತಿವೆ. ಅಲ್ಲಿ ಗರ್ಜನೆ ಪ್ರಾರ್ಥನೆಗೆ ಸಮೀಪ. ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ, ಸಿಂಹಿಣಿಗೆ ಬೇಟೆಯಾಡಿ ಕೊಡುವವನು ನೀನೋ ಎಂದು ಯೆಹೋವನು ಯೋಬನನ್ನು ಪ್ರಶ್ನಿಸುತ್ತಾನೆ. ಯೆಶಾಯನ 11ನೆಯ ಅಧ್ಯಾಯದ ದರ್ಶನದಲ್ಲಿಯೂ ತೋಳವು ನಾಚಿ ಸಾಯುವುದಿಲ್ಲ, ಕುರಿಮರಿಯ ಜೊತೆ ವಾಸಿಸುತ್ತದೆ. ಸಿಂಹವು ಹುಲ್ಲು ತಿನ್ನುತ್ತದೆ. ಬರಲಿರುವ ಸಮಾಧಾನದ ರಾಜ್ಯದಲ್ಲಿ ಮಾಂಸಾಹಾರಿ ಮೃಗಕ್ಕೂ ಒಂದು ಗೋದಲಿ ಇದೆ. ನಾಗರಹೊಳೆ, ಬಂಡೀಪುರಗಳ ಕಾಡಂಚಿನಲ್ಲಿ ಕೊಟ್ಟಿಗೆಯ ದನವನ್ನು ಹುಲಿಗೆ ಕಳೆದುಕೊಂಡ ಕುಟುಂಬಕ್ಕೆ ಸಾಂತ್ವನ ಹೇಳಬೇಕಾದ ಸಭಾಪಾಲಕರಿಗೆ ಈ ವ್ಯತ್ಯಾಸ ಕೇವಲ ಪಾಂಡಿತ್ಯದ ವಿಷಯವಲ್ಲ. ಅವರ ನಷ್ಟ ನಿಜ, ಸಿಟ್ಟೂ ನಿಜ. ಆದರೆ ಆ ಹುಲಿ ಸೈತಾನನಲ್ಲ.

ಮೃಗಕ್ಕೆ ಮನುಷ್ಯನ ಗುಣವನ್ನು ಹೊದಿಸುವುದು ನಮ್ಮ ಬೋಧಕರ ಆವಿಷ್ಕಾರವೇನಲ್ಲ. 11ನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ 'ಪಂಚತಂತ್ರ'ದಲ್ಲಿ ನರಿಗಳು ಮಂತ್ರಿಗಳಾಗಿ ರಾಜನೀತಿ ನುಡಿಯುತ್ತವೆ. ಕ್ರೈಸ್ತ ಸಭೆಯ ಆದಿಶತಮಾನಗಳಲ್ಲಿ ಗ್ರೀಕ್ ಭಾಷೆಯಲ್ಲಿ ಹುಟ್ಟಿದ 'ಫಿಸಿಯೊಲಾಗಸ್' ಎಂಬ ಗ್ರಂಥದಲ್ಲಿ ಸಿಂಹದ ಮರಿ ಸತ್ತು ಹುಟ್ಟಿ ಮೂರನೆಯ ದಿನ ತಂದೆಯ ಉಸಿರಿನಿಂದ ಏಳುತ್ತದೆ, ಪೆಲಿಕನ್ ಹಕ್ಕಿ ತನ್ನ ಪಕ್ಕೆಯನ್ನು ಸೀಳಿ ಮರಿಗಳಿಗೆ ರಕ್ತವೆರೆಯುತ್ತದೆ. (ಕೊಕ್ಕರೆ ಬೆಳ್ಳೂರಿನಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆ ಅದೇ ಕುಲದ ಹಕ್ಕಿ, ಅದು ಮರಿಗಳಿಗೆ ಕೊಡುವುದು ಮೀನು.) ಸತ್ಯವೇದವೂ ಇಂಥ ಹೋಲಿಕೆಗಳನ್ನು ಬಳಸುತ್ತದೆ, ಆದರೆ ಗುಣವನ್ನು ಮೃಗದ ಮೈಗೆ ಮೊಳೆ ಹೊಡೆದು ಕೂರಿಸುವುದಿಲ್ಲ. ಪೇತ್ರನ ಪತ್ರಿಕೆಯಲ್ಲಿ ಗರ್ಜಿಸುವ ಸಿಂಹ ಸೈತಾನನಾದರೆ, ಪ್ರಕಟನೆಯಲ್ಲಿ ಯೂದ ಕುಲದ ಸಿಂಹ ಕ್ರಿಸ್ತನು. ಏದೆನಿನಲ್ಲಿ ಹವ್ವಳನ್ನು ವಂಚಿಸಿದ ಸರ್ಪದ ಜಾಣತನವನ್ನೇ ಯೇಸು ಶಿಷ್ಯರಿಗೆ ಮಾದರಿಯಾಗಿ ಹೇಳುತ್ತಾನೆ.

ಈ ಸಂಯಮ ಎದ್ದು ಕಾಣುವುದು ಅರಣ್ಯಕಾಂಡದ 22ನೆಯ ಅಧ್ಯಾಯದಲ್ಲಿ. ಬಿಳಾಮನ ಕತ್ತೆಯ ಬಗ್ಗೆ ನಾವು ಕೇಳಿರುವ ಪ್ರಸಂಗಗಳೆಲ್ಲ ಒಂದೇ ಜಾಡಿನವು: ದೇವರು ಮೂಢ ಕತ್ತೆಯನ್ನೂ ಬಳಸಬಲ್ಲನು, ನಮ್ಮನ್ನು ಬಳಸಲಾರನೇ? ವಿನಯದ ಮಾತು, ಸಭೆಯಲ್ಲಿ ನಗುವನ್ನೂ ತರುತ್ತದೆ. ಆದರೆ ಕತ್ತೆ ಮೂಢವೆಂದು ವಚನ ಎಲ್ಲಿ ಹೇಳಿದೆ? ಅದು ನಮ್ಮ ಬೈಗುಳದಿಂದ ಬಂದ ಕತ್ತೆ. ಆ ಅಧ್ಯಾಯದಲ್ಲಿ ದರ್ಶಿಯೆಂದು ಹೆಸರಾದವನಿಗೆ ಕಾಣದ ದೂತನನ್ನು ಕಾಣುವುದೇ ಅದು. ಹೊಲಕ್ಕೆ ತಿರುಗುತ್ತದೆ, ಗೋಡೆಗೆ ಒತ್ತಿಕೊಳ್ಳುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಹೆದರಿದ ಪ್ರಾಣಿ ಮಾಡುವುದನ್ನೇ ಮಾಡುತ್ತದೆ. ಮೂರು ಬಾರಿ ಏಟು ತಿಂದ ಮೇಲೆ ದೇವರು ಅದರ ಬಾಯನ್ನು ತೆರೆಯುತ್ತಾನೆ. ಆಗಲೂ ಅದು ಪ್ರವಾದನೆ ನುಡಿಯುವುದಿಲ್ಲ, ನೀತಿ ಹೇಳುವುದಿಲ್ಲ. ನನ್ನನ್ನು ಏಕೆ ಹೊಡೆದೆ, ಇಷ್ಟು ದಿನ ನೀನು ಹತ್ತಿದ ಕತ್ತೆ ನಾನಲ್ಲವೇ ಎಂದಷ್ಟೇ ಕೇಳುತ್ತದೆ. ಮಾತು ಮನುಷ್ಯನದು, ದೂರು ಮಾತ್ರ ಕತ್ತೆಯದೇ. ಬಿಳಾಮನ ಕಣ್ಣು ತೆರೆದ ಮೇಲೆ ದೂತನು ಎತ್ತುವ ಮೊದಲ ಪ್ರಶ್ನೆಯೂ ಆ ಮೂರು ಏಟುಗಳದ್ದು. ಮೃಗಕ್ಕೆ ಮಾನವಗುಣ ಕೊಡುವುದರಲ್ಲಿ ಎರಡು ಬಗೆಯಿದೆಯೆಂದು ನಮಗೆ ತೋರುವುದು ಇಲ್ಲಿ. ಒಂದು ನಮ್ಮ ಮಾತನ್ನು ಅದರ ಬಾಯಲ್ಲಿ ತುರುಕುತ್ತದೆ. ಇನ್ನೊಂದು ಅದರ ನೋವು ನಮಗೆ ಕೇಳಿಸುವಂತೆ ಮಾಡುತ್ತದೆ.

ಮೊದಲ ಬಗೆಯ ಅಪಾಯ ಮೃಗಗಳಲ್ಲಿಯೇ ನಿಲ್ಲುವುದಿಲ್ಲ. ನಾಯಿಯ ಮೇಲೆ ಹೊರಿಸಿದ ಹೊಲಸು ಮತ್ತು ಹೀನತೆ ತಿರುಗಿ ಮನುಷ್ಯರ ಮೇಲೆಯೇ ಬಂದು ಬೀಳುತ್ತದೆ. ನಮ್ಮ ಸಭೆಗಳಲ್ಲಿ ಕೂತವರಲ್ಲಿ ಹಲವರ ಹಿರಿಯರು ಊರಿನ ಬಾಗಿಲುಗಳ ಹೊರಗೆ ನಿಂತು ಆ ಹೆಸರಿನಿಂದ ಕರೆಸಿಕೊಂಡವರು. ಅವರ ಮುಂದೆ ಮತ್ತಾಯನ 15ನೆಯ ಅಧ್ಯಾಯವನ್ನು ತೆರೆದು, ಕಾನಾನ್ಯ ಸ್ತ್ರೀ ತಾನು ನಾಯಿಯೆಂದು ಒಪ್ಪಿಕೊಂಡಳು, ಆದುದರಿಂದಲೇ ವರ ಪಡೆದಳು ಎಂದು ಬೋಧಿಸುವುದನ್ನು ನಾವು ಕೇಳಿದ್ದೇವೆ. ತಲೆತಗ್ಗಿಸಿ ಕೇಳುತ್ತಿದ್ದ ಮುಖಗಳನ್ನೂ ಕಂಡಿದ್ದೇವೆ. ಈ ಬೋಧನೆ ವಚನವನ್ನು ಸರಿಯಾಗಿ ಓದಿಲ್ಲ. ಮೂಲದ ಗ್ರೀಕ್ ಪದ ಮನೆಯ ನಾಯಿಮರಿಯನ್ನು ಸೂಚಿಸುವ ರೂಪದಲ್ಲಿದೆ. ಪದದ ಮೃದುತ್ವದಿಂದ ಅವಮಾನ ಅಳಿದುಹೋಗುತ್ತದೆಂದು ವಾದಿಸುವ ವ್ಯಾಖ್ಯಾನಕಾರರನ್ನು ನಾವು ಒಪ್ಪೆವು, ಏಕೆಂದರೆ ಮರಿಯೆಂದರೂ ನಾಯಿಯೇ. ಆ ಪದವನ್ನು ಹಿಡಿದು ಆಕೆ ಮಾಡಿದ್ದನ್ನು ಗಮನಿಸಬೇಕು. ಹೀನತೆಯ ಗುರುತಾಗಿ ಬಂದ ಪ್ರಾಣಿಯನ್ನು ಆಕೆ ನಿಜವಾದ ಪ್ರಾಣಿಯನ್ನಾಗಿ ನೋಡಿದಳು: ಅದು ಮನೆಯೊಳಗೆ, ಯಜಮಾನನ ಮೇಜಿನ ಕೆಳಗೆ, ಮಕ್ಕಳ ಕೈಯಿಂದ ಉದುರಿದ್ದನ್ನು ತಿನ್ನುತ್ತಿದೆ, ಯಾರೂ ಅದನ್ನು ಓಡಿಸುತ್ತಿಲ್ಲ. ಹೊರಗಿಡಲು ಬಳಸಿದ ಹೋಲಿಕೆಯೊಳಗಿಂದಲೇ ಆಕೆ ಒಳಗೆ ಬಂದಳು. ಯೇಸು ಮರುಮಾತಿನಲ್ಲಿ ನಾಯಿಯ ಪ್ರಸ್ತಾಪವನ್ನೇ ಬಿಟ್ಟು, ಆಕೆಯನ್ನು ಸ್ತ್ರೀಯೆಂದು ಸಂಬೋಧಿಸಿ, ಆಕೆಯ ನಂಬಿಕೆಯನ್ನು ದೊಡ್ಡದೆಂದು ಹೊಗಳುತ್ತಾನೆ.