ಹದಿನಾಲ್ಕಕ್ಕೆ ಮುಗಿಯುವ ಹಕ್ಕು

ಮೂಲಭೂತ ಶಿಕ್ಷಣದ ಅವಧಿ ಹೆಚ್ಚಬೇಕೆಂಬ ಚರ್ಚೆ ನಮ್ಮಲ್ಲಿ ಸದಾ ವರ್ಷಗಳ ಲೆಕ್ಕದಲ್ಲೇ ನಡೆಯುತ್ತದೆ. ಎಂಟು ವರ್ಷ ಸಾಕೇ, ಹತ್ತು ಬೇಕೇ, ಹನ್ನೆರಡು ಬೇಕೇ? ಆ ವರ್ಷಗಳನ್ನು ಮಗು ಮನೆಯಿಂದ ಎಷ್ಟು ದೂರದಲ್ಲಿ, ಯಾವ ಭಾಷೆಯಲ್ಲಿ ಕಳೆಯಬೇಕೆಂದು ಕೇಳುವವರು ಕಡಿಮೆ. ಕಲಬುರಗಿಯ ಮೋಮಿನಪುರದಲ್ಲಿ ನಿಂತು ನೋಡಿದರೆ ಆ ಕೇಳದ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿ 1950ರಲ್ಲೇ ಹೇಳಿತ್ತು. ಅದು ಹಕ್ಕಾಗಿ ಕೈಗೆ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಯಾದಾಗ. ಅಷ್ಟು ತಡವಾಗಿ ಬಂದರೂ 14ರ ಗಡಿ ಮಾತ್ರ ಅಲುಗಲಿಲ್ಲ. ಈ ನಡುವೆ 2006ರಲ್ಲಿ ಸಾಚಾರ್ ಸಮಿತಿ, 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಹೇಳಿತ್ತು.

ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣವೆಂದರೆ ಒಂದರಿಂದ ಎಂಟು. ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಎಂಟನೆಯದು ಹೈಸ್ಕೂಲಿನ ಮೊದಲ ಮೆಟ್ಟಿಲು. ಕಾಯ್ದೆ ಬಂದ ಮೇಲೆ ಕೆಲವು ಶಾಲೆಗಳಿಗೆ ಎಂಟನೇ ತರಗತಿ ಸೇರಿತು, ಉಳಿದವು ಏಳಕ್ಕೇ ನಿಂತವು. ಹೀಗಾಗಿ ಹಕ್ಕು ಮುಗಿಯುವ ಒಂದು ವರ್ಷ ಮೊದಲೇ ಮಗು ಟಿ.ಸಿ. ಹಿಡಿದು ಬೇರೆ ಶಾಲೆಯ ಬಾಗಿಲು ತಟ್ಟಬೇಕು. ಮಕ್ಕಳು ಕಳೆದುಹೋಗುವುದು ಈ ಶಾಲೆ ಬದಲಿಸುವ ಹೊತ್ತಿನಲ್ಲೇ. ಅದರಲ್ಲೂ ಹೆಣ್ಣುಮಕ್ಕಳು. ಗಲ್ಲಿಯೊಳಗಿನ ಶಾಲೆಗೆ ಕಳಿಸುವ ತಾಯಿ, ಎರಡು ಮುಖ್ಯರಸ್ತೆ ದಾಟಿಸಿ ಕಳಿಸುವ ಮುಂಚೆ ಹತ್ತು ಸಲ ಯೋಚಿಸುತ್ತಾಳೆ. ಅದನ್ನು ಮೌಢ್ಯವೆಂದು ಹಳಿಯುವುದು ಸುಲಭ.

ಉರ್ದು ಮಾಧ್ಯಮದ ಮಗುವಿಗೆ ಇನ್ನೊಂದು ತೊಡಕಿದೆ. ಬೋಧನೆ ಮಾತೃಭಾಷೆಯಲ್ಲಿರಬೇಕೆಂದು ಕಾಯ್ದೆಯ 29ನೇ ಕಲಂ ಹೇಳುತ್ತದೆ, ಆದರೆ 'ಸಾಧ್ಯವಾದಷ್ಟು ಮಟ್ಟಿಗೆ' ಎಂಬ ಬಾಲ ಅಂಟಿಸಿಕೊಂಡು. ತರಗತಿ ಏರಿದಂತೆ ಉರ್ದು ಶಾಲೆಗಳು ವಿರಳವಾಗುತ್ತವೆ. ನಿಜಾಮರ ಆಳ್ವಿಕೆಯಲ್ಲಿ ಇದೇ ಊರಿನ ಕನ್ನಡ ಮಕ್ಕಳು ಉರ್ದುವಿನಲ್ಲಿ ಕಲಿಯಬೇಕಾಗಿತ್ತು. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದಾದಾಗಿನ ಕಷ್ಟ ಈ ನೆಲಕ್ಕೆ ಹೊಸದಲ್ಲ. ಮೊದಲ ತರಗತಿಯಿಂದಲೇ ಕನ್ನಡವನ್ನು ಗಟ್ಟಿಯಾಗಿ ಕಲಿಸದೆ, ಹೈಸ್ಕೂಲಿಗೆ ಬಂದಾಗ ಏಕಾಏಕಿ ಮಾಧ್ಯಮ ಬದಲಿಸಿಕೊಳ್ಳಿ ಎಂದರೆ ಸೋಲುವುದು ಮಗುವೇ.

ಹದಿನಾಲ್ಕು ತುಂಬಿದ ಮೇಲೆ? ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹದಿನಾಲ್ಕರೊಳಗಿನವರ ದುಡಿಮೆಯನ್ನು ನಿಷೇಧಿಸಿತು, ಆದರೆ ಶಾಲೆಯ ನಂತರದ ಹೊತ್ತಿನಲ್ಲಿ, ರಜೆಯಲ್ಲಿ ಕುಟುಂಬದ ಕಸುಬಿಗೆ ನೆರವಾಗಬಹುದೆಂದಿತು. 14ರಿಂದ 18ರವರಿಗೆ ನಿಷೇಧವಿರುವುದು ಅಪಾಯಕಾರಿ ಕೆಲಸಗಳಿಗೆ ಮಾತ್ರ. ಶಾಲೆಯ ಹಕ್ಕು ಮುಗಿಯುವ ದಿನವೇ ದುಡಿಮೆಯ ಬಾಗಿಲು ತೆರೆಯುತ್ತದೆ. ಎರಡು ಕಾನೂನುಗಳು ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡದ್ದು ಅಪರೂಪ! ಗ್ಯಾರೇಜು, ಬೇಕರಿ, ಹೊಲಿಗೆ ಅಂಗಡಿಗಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಸ್ತೂರಿರಂಗನ್ ಸಮಿತಿಯ 2019ರ ಕರಡು, ಈ ಹಕ್ಕನ್ನು ಮೂರರಿಂದ ಹದಿನೆಂಟು ವರ್ಷದವರೆಗೆ ವಿಸ್ತರಿಸಲು ಶಿಫಾರಸು ಮಾಡಿತ್ತು. 2020ರಲ್ಲಿ ಹೊರಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 3ರಿಂದ 18 ಎಂಬ ಅಂಕಿ ಉಳಿಯಿತು, 2030ರ ಗುರಿ ಉಳಿಯಿತು, ಕಾಯ್ದೆಯನ್ನು ವಿಸ್ತರಿಸುವ ಮಾತು ಮಾಯವಾಯಿತು. ಗುರಿ ತಪ್ಪಿದರೆ ಸರಕಾರವನ್ನು ಕೋರ್ಟಿಗೆ ಎಳೆಯಲಾಗದು, ಹಕ್ಕು ತಪ್ಪಿದರೆ ಎಳೆಯಬಹುದು. ಕರಡಿಗೂ ನೀತಿಗೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣದಲ್ಲ.

ಸಮುದಾಯವೂ ಇಲ್ಲಿ ಕೈತೊಳೆದುಕೊಳ್ಳುವಂತಿಲ್ಲ. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಾಗ ನಮ್ಮವರು ಸ್ವಾಯತ್ತತೆ ಉಳಿಯಿತೆಂದು ಸಮಾಧಾನಪಟ್ಟರು. ಆ ಸ್ವಾಯತ್ತತೆಯಿಂದ ಬಡವರ ಗಲ್ಲಿಗಳಲ್ಲಿ ಎಷ್ಟು ಹೈಸ್ಕೂಲುಗಳು ಎದ್ದವು ಎಂಬ ಲೆಕ್ಕವನ್ನೂ ಕೇಳಬೇಕಲ್ಲ? ವೃತ್ತಿಶಿಕ್ಷಣ ಕಾಲೇಜುಗಳ ಮೇಲಿನ ನಮ್ಮ ಮೋಹ ಗೊತ್ತಿರುವಂಥದ್ದೇ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು ಬಂತು, ಕಲಬುರಗಿ ಶೇ. 42.43 ಪಡೆದು ಕೊನೆಗೆ. ಇದು ಪರೀಕ್ಷೆಯವರೆಗೆ ತಲುಪಿದವರ ಲೆಕ್ಕ. ಏಳರಲ್ಲೋ ಎಂಟರಲ್ಲೋ ಟಿ.ಸಿ. ಪಡೆದು ಮನೆಗೆ ಹೋದವರು ಇದರಲ್ಲಿ ನಪಾಸಾದವರಾಗಿಯೂ ಸಿಗುವುದಿಲ್ಲ.