ರಮಣಮೂರ್ತಿಯ ವಠಾರ, ಕಮ್ಮನಹಳ್ಳಿಯ ಮನೆ

‘ಗಣೇಶನ ಮದುವೆ’ಯನ್ನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಟೀವಿಯಲ್ಲಿ ಬಂತು ಅಂದ್ರೆ ನಮ್ಮ ಮನೇಲಿ ಯಾರೂ ಎದ್ದು ಹೋಗುತ್ತಿರಲಿಲ್ಲ. ಆಮೇಲೆ ಹಾಸ್ಟೆಲಿನಲ್ಲಿ ಅದು ನಮ್ಮ ನಾಲ್ಕು ಜನರ ಸಿನಿಮಾ ಆಯಿತು. ಪರೀಕ್ಷೆ ಮುಗಿದ ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, ಡೈಲಾಗ್ ಬರುವ ಮೊದಲೇ ನಾವು ಹೇಳಿ, ನಾವೇ ನಗುತ್ತಿದ್ದೆವು. ಕಳೆದ ತಿಂಗಳು ಕಮ್ಮನಹಳ್ಳಿಯಲ್ಲಿ ಒಂದು ಹಳೇ ಮನೆ ಕೈತಪ್ಪಿತು. ಅದಾದ ಮೇಲೆ ಮತ್ತೆ ಒಬ್ಬನೇ ಕೂತು ನೋಡಿದೆ. ನಗು ಬಂತು, ಇಲ್ಲ ಅನ್ನಲ್ಲ. ಆದರೆ ಇಷ್ಟು ವರ್ಷ ಕಣ್ಣಿಗೆ ಬೀಳದ್ದೇನೋ ಬಿತ್ತು.

ನೋಡದವರಿಗಾಗಿ ಎರಡು ಮಾತು. 1990ರ ಸಿನಿಮಾ, ಫಣಿ ರಾಮಚಂದ್ರ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ಮುಖ್ಯಮಂತ್ರಿ ಚಂದ್ರು ಅವರ ರಮಣಮೂರ್ತಿ ವಠಾರದ ಮಾಲೀಕ. ಅನಂತ್‌ನಾಗ್ ಅವರ ಗಣೇಶ ಅಲ್ಲೊಬ್ಬ ಬಾಡಿಗೆದಾರ. ಗಣೇಶನಿಗೂ ಮಾಲೀಕನ ಮಗಳು ಆದಿಲಕ್ಷ್ಮಿಗೂ ಎಣ್ಣೆ-ಸೀಗೆಕಾಯಿ. ಆದರೆ ಅದೇ ಆದಿಲಕ್ಷ್ಮಿ, ಅಂದರೆ ವಿನಯಾ ಪ್ರಸಾದ್, ಶ್ರುತಿ ಅನ್ನುವ ಹೆಸರಲ್ಲಿ ಹಾಡುತ್ತಾಳೆ. ಆ ದನಿಗೆ ಮರುಳಾದ ಗಣೇಶ ವೈ.ಜಿ. ರಾವ್ ಆಗಿ ಪತ್ರ ಬರೆಯುತ್ತಾನೆ. ಕಾಗದದಲ್ಲಿ ಪ್ರೀತಿ, ಅಂಗಳದಲ್ಲಿ ಜಗಳ. ಇಬ್ಬರಿಗೂ ಗೊತ್ತಿಲ್ಲ, ನಮಗೆ ಗೊತ್ತು. ಇಷ್ಟು ಸಣ್ಣ ಎಳೆಯನ್ನು ಎಲ್ಲೂ ಹರಿಯದಂತೆ ಕೊನೆಯವರೆಗೆ ಎಳೆದುಕೊಂಡು ಹೋಗೋದು ಸಲೀಸಲ್ಲ. ಅನಂತ್‌ನಾಗ್ ಸಿಡುಕುವುದನ್ನು ನೋಡುವುದಕ್ಕೇ ಟಿಕೆಟ್ ದುಡ್ಡು ಕೊಡಬಹುದು.

ಇನ್ನು ನಮ್ಮ ಮನೆ. ನಮ್ಮದಾಗಲೇ ಇಲ್ಲ, ಆದರೂ ನಾಲ್ಕೂ ಜನ ಇವತ್ತಿಗೂ ಹಾಗೇ ಅನ್ನೋದು. ಕುಕ್ ಟೌನ್, ರಿಚರ್ಡ್ಸ್ ಟೌನ್ ಕಡೆಯ ಮಂಕಿ ಟಾಪ್ ಕಿಟಕಿಗಳ ಬಂಗಲೆಗಳನ್ನು ಬಸ್ಸಿನಿಂದ ನೋಡಿ ಸುಮ್ಮನಾದವರು ನಾವು. ಕಮ್ಮನಹಳ್ಳಿ ಮೇನ್ ರೋಡಿನಿಂದ ಮೂರು ತಿರುವು ಒಳಗೆ, ಎರಡು ಪಿಜಿ ಕಟ್ಟಡಗಳ ನಡುವೆ ಅದು ಕೂತಿತ್ತು. ಮುಂದೆ ಹೆಂಚಿನ ಜಗುಲಿ, ಒಳಗೆ ರೆಡ್ ಆಕ್ಸೈಡ್ ನೆಲ, ಸ್ನಾನದ ಮನೆಯಲ್ಲಿ ಹೂತ ತಾಮ್ರದ ಹಂಡೆ. ಎರಡು ರೂಮುಗಳ ನಡುವಿನ ಗೋಡೆಯಲ್ಲಿ ಸರಳು ಹಾಕಿದ ಕಿಟಕಿ, ಯಾಕೆ ಅಂತ ಕೇಳಬೇಡಿ. ಹಿತ್ತಲಲ್ಲಿ ಹನ್ನೆರಡು ಮೆಟ್ಟಿಲು ಹತ್ತಿದರೆ ಏನೂ ಇಲ್ಲ, ಬರೀ ಆಕಾಶ. ಮಹಡಿ ಕಟ್ಟಬೇಕು ಅಂದುಕೊಂಡು ಯಾರೋ ಮೆಟ್ಟಿಲು ಮಾತ್ರ ಕಟ್ಟಿ ಬಿಟ್ಟಿದ್ದರು. ಭಟ್ಕಳದವನು ಅದರ ತುದಿಗೆ ಹೋಗಿ ಕೂತು, ‘ಇದು ನನ್ನ ಜಾಗ, ಬಾಡಿಗೆ ನೂರು ರೂಪಾಯಿ ಜಾಸ್ತಿ ಕೊಡ್ತೀನಿ’ ಅಂದ.

ಓನರ್ ಆಂಟಿ ಒಳ್ಳೆಯವರು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಕೇಳದೇ ಕಾಫಿ ಕೊಟ್ಟರು. ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಅಗ್ರಿಮೆಂಟು, ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಟ್. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸು ಅಂತ ಇದೆ ಎಂದು ಹುಬ್ಬಳ್ಳಿಯವನು ಶುರು ಮಾಡಿದ್ದ, ಕಾಲು ತುಳಿದು ಸುಮ್ಮನಾಗಿಸಿದೆವು. ಎಲ್ಲಕ್ಕೂ ಹೂಂ ಅಂದಾಯಿತು. ಆಮೇಲೆ, ‘ನಿಮ್ಮ ಹೆಸರೇನಪ್ಪಾ, ಯಾವೂರು?’ ಅಂತ ಒಬ್ಬೊಬ್ಬರನ್ನೇ ಕೇಳಿದರು. ಮೂರನೆಯವನು ಭಟ್ಕಳದವನು. ಅವನು ಹೆಸರು ಹೇಳಿದ. ನಾಲ್ಕನೆಯವನನ್ನು ಅವರು ಕೇಳಲೇ ಇಲ್ಲ. ‘ಮಗನ್ನ ಒಂದು ಮಾತು ಕೇಳ್ಬೇಕು, ತಿಳಿಸ್ತೀನಿ’ ಅಂದರು.

ಸಂಜೆ ಬ್ರೋಕರ್ ಫೋನು: ‘ಫ್ಯಾಮಿಲಿಗೇ ಕೊಡ್ತಾರಂತೆ ಸಾರ್.’ ಒಂದು ಗಂಟೆ ಬಿಟ್ಟು ಇನ್ನೊಂದು ಫೋನು: ‘ನೀವು ಮೂರೇ ಜನ ಆದ್ರೆ ಓಕೆ ಅಂತೆ.’

ಮೂರು ಬ್ಯಾಚುಲರ್‌ಗಳು ಸೇರಿದರೆ ಫ್ಯಾಮಿಲಿ ಹೇಗಾಗುತ್ತದೆ ಅಂತ ಅವನೂ ವಿವರಿಸಲಿಲ್ಲ, ನಾನೂ ಕೇಳಲಿಲ್ಲ.

ಈಗ ಸಿನಿಮಾಕ್ಕೆ ವಾಪಸ್. ಈ ಸಲ ನೋಡುವಾಗ ನನ್ನ ಲಕ್ಷ್ಯವೆಲ್ಲ ಹೆಸರುಗಳ ಮೇಲೇ ಇತ್ತು. ಇಡೀ ಕಥೆ ನಿಂತಿರುವುದೇ ಬಚ್ಚಿಟ್ಟ ಹೆಸರುಗಳ ಮೇಲೆ. ಆದರೆ ವೈ.ಜಿ. ರಾವ್ ಅನ್ನುವ ಹೆಸರಿಗಾಗಲೀ ಗಣೇಶ ಅನ್ನುವ ಹೆಸರಿಗಾಗಲೀ ಮುಚ್ಚಿಕೊಳ್ಳುವ ಬಾಗಿಲು ಆ ವಠಾರದಲ್ಲಿಲ್ಲ. ಗುಟ್ಟು ಬಯಲಾದರೆ ಆಗುವುದು ಮುಖಭಂಗ, ಅಷ್ಟೇ. ಅದಕ್ಕೇ ನಾವು ಅಷ್ಟು ನಿರಾಳವಾಗಿ ನಗುತ್ತೇವೆ. ಕಥೆ ಶುರುವಾಗುವ ಹೊತ್ತಿಗೆ ಒಳಗೆ ಬರಬೇಕಾದವರೆಲ್ಲ ಬಂದಾಗಿದೆ. ರಮಣಮೂರ್ತಿ ಟು-ಲೆಟ್ ಬೋರ್ಡು ಹಾಕಿದ ದಿನ ಯಾರು ಯಾರು ಬಂದು ವಾಪಸ್ ಹೋದರು ಅನ್ನೋದು ಸಿನಿಮಾದ ಪ್ರಶ್ನೆಯೇ ಅಲ್ಲ. ಫಣಿ ರಾಮಚಂದ್ರ ಅದನ್ನೂ ತೋರಿಸಬೇಕಿತ್ತು ಅಂತ ನಾನು ಹೇಳಲ್ಲ. ತೋರಿಸಿದ್ದರೆ ಇದು ಬೇರೆ ಸಿನಿಮಾ ಆಗುತ್ತಿತ್ತು. ಆದರೆ ‘ಆ ಕಾಲದ ವಠಾರ ಎಷ್ಟು ಚೆನ್ನಾಗಿತ್ತು, ಎಲ್ಲರೂ ಒಂದೇ ಮನೆಯವರ ಥರ’ ಅಂತ ಈ ಸಿನಿಮಾ ಹೆಸರಲ್ಲಿ ನಾವು ಆಡುವ ಮಾತಿದೆಯಲ್ಲ, ಅದನ್ನು ಇನ್ಮೇಲೆ ನನಗೆ ಹೇಳೋಕಾಗಲ್ಲ.

ಇನ್ನೊಂದು ವಿಷಯ. ರಮಣಮೂರ್ತಿ ನಮಗೆ ನಗೆಪಾಟಲಾಗಿ ಕಾಣುವುದಕ್ಕೆ ಚಂದ್ರು ಅವರ ಅಭಿನಯ ಎಷ್ಟು ಕಾರಣವೋ ಕಾನೂನೂ ಅಷ್ಟೇ ಕಾರಣ ಅನ್ನಿಸುತ್ತೆ. ಆಗ ಜಾರಿಯಲ್ಲಿದ್ದದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಒಳಗೆ ಕೂತ ಬಾಡಿಗೆದಾರನನ್ನು ಎಬ್ಬಿಸಬೇಕಾದರೆ ಮಾಲೀಕ ಕೋರ್ಟಿಗೆ ಅಲೆಯಬೇಕಿತ್ತು. ಹಾಗಾಗಿ ಎಷ್ಟೇ ಕೂಗಾಡಿದರೂ ಅದು ಬರೀ ಕೂಗಾಟ. ಆ ಕಾಯ್ದೆಯ ಜಾಗಕ್ಕೆ 1999ರ ಕಾಯ್ದೆ ಬಂತು, ಜಾರಿಯಾಗಿದ್ದು 2001ರ ಕೊನೆಯ ದಿನ. ಈಗಂತೂ ಎಲ್ಲಿ ನೋಡಿದರೂ ಹನ್ನೊಂದು ತಿಂಗಳ ಕರಾರು, ಯಾಕೆಂದರೆ ವರ್ಷದ್ದಾದರೆ ನೋಂದಣಿ ಮಾಡಿಸಬೇಕು. ಇವತ್ತಿನ ಮಾಲೀಕರಿಗೆ ಕೂಗಾಡುವ ಪ್ರಮೇಯವೇ ಇಲ್ಲ. ಕಾಫಿ ಕೊಟ್ಟು, ಹೆಸರು ಕೇಳಿ, ಮಗನ್ನ ಕೇಳ್ತೀನಿ ಅಂದರೆ ಸಾಕು. ಅದರಲ್ಲಿ ಕಾಮಿಡಿ ಮಾಡಲು ಫಣಿ ರಾಮಚಂದ್ರರಿಗೂ ಕಷ್ಟ.

ಅವತ್ತು ರಾತ್ರಿಯದ್ದು ಹೇಳಬೇಕು. ಗ್ರೂಪಿನಲ್ಲಿ ಒಬ್ಬರು ಒಂದು ಐಡಿಯಾ ಹಾಕಿದರು. ಅಗ್ರಿಮೆಂಟು ಮೂರು ಜನರ ಹೆಸರಲ್ಲಿ ಮಾಡಿಸೋಣ, ಒಂದು ತಿಂಗಳು ಬಿಟ್ಟು ಅವನು ಗೆಸ್ಟ್ ಅಂತ ಬರಲಿ, ಆಂಟಿಗೆ ಅಭ್ಯಾಸ ಆಗುತ್ತೆ. ಇಬ್ಬರು ಹೆಬ್ಬೆಟ್ಟು ಒತ್ತಿದರು. ಐಡಿಯಾ ಹಾಕಿದ್ದು ನಾನೇ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಆ ಮೆಟ್ಟಿಲು, ಆ ಹಂಡೆ. ಅವನಿಗೆ ಹೇಗನ್ನಿಸೀತು ಅಂತ ಯೋಚಿಸುವಷ್ಟೂ ಪುರುಸೊತ್ತಾಗಲಿಲ್ಲ.

ಅವನ ಉತ್ತರ ಬಂದದ್ದು ಬೆಳಗ್ಗೆ. ‘ನಲ್ಲಿ ಹತ್ರ ಆಂಟಿ ಸಿಕ್ರೆ ಏನು ಹೇಳ್ಲಿ ಮಾರಾಯ? ವೈ.ಜಿ. ರಾವ್ ಅಂತಾನಾ?’

ಆ ಮನೆ ಬಿಟ್ಟೆವು. ನಾಲ್ಕು ಜನಕ್ಕೆ ಒಂದೇ ಮನೆ ಅನ್ನುವ ಮಾತೂ ನಿಂತಿತು, ನಿಲ್ಲಿಸೋಣ ಅಂತ ಯಾರೂ ಹೇಳದೇನೇ. ಅವನು ಫ್ರೇಜರ್ ಟೌನಿನಲ್ಲಿ ಆಫೀಸಿನವರ ಜೊತೆ ಸೇರಿಕೊಂಡ. ನಾನು ಎಚ್‌ಆರ್‌ಬಿಆರ್ ಲೇಔಟಿನಲ್ಲಿ ಒಂದು ಸಿಂಗಲ್ ಬೆಡ್‌ರೂಮು ಹಿಡಿದೆ, ಟೈಲ್ಸ್ ನೆಲ, ಎಲ್ಲ ಮೆಟ್ಟಿಲೂ ಎಲ್ಲಿಗೋ ಹೋಗುತ್ತವೆ. ಈ ಭಾನುವಾರ ಅವನ ಮನೆಯಲ್ಲಿ ಸೇರುತ್ತಿದ್ದೇವೆ. ಬಿರಿಯಾನಿ ಅವನದು, ಐಸ್‌ಕ್ರೀಮು ನಮ್ಮದು. ಸಿನಿಮಾ ಯಾವುದು ಅಂತ ಗ್ರೂಪಿನಲ್ಲಿ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ.